ತಳದ ಸಾಲಿಗೆ ಹಾರಿದ ಚೂರುಗಳು

ಹಗ್ಗದ ಮೇಲಿಂದ ತೆಗೆದ ಸೀರೆಯನ್ನು ಮಡಚುವ ಮುನ್ನ ಒಮ್ಮೆ ಚೆನ್ನಾಗಿ ಜಾಡಿಸುವುದು ನನಗೆ ನನ್ನ ತಾಯಿಯಿಂದ ಬಂದ ಅಭ್ಯಾಸ. ಬಳ್ಳಾರಿಯಲ್ಲಿ ಹಾಗೆ ಜಾಡಿಸಿದರೆ ಸಾಮಾನ್ಯವಾಗಿ ಉದುರುವುದು ಕೆಂಪು ಧೂಳು. ಅದು ನಮ್ಮ ಮನೆಯ ಕಾಯಂ ಸದಸ್ಯನಿದ್ದ ಹಾಗೆ. ಹೊರಗೆ ಹಾಕಿದಷ್ಟೂ ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಆದರೆ ಮೊನ್ನೆ ನನ್ನ ಹಸಿರು ಕಾಟನ್ ಸೀರೆಯಿಂದ ಉದುರಿದ್ದು ಧೂಳಲ್ಲ, ಕಾಗದದ ಚೂರು. ಫಾಲಿನ ಹೊಲಿಗೆಯ ಸಂದಿನಲ್ಲಿ ಅಡಗಿ ಕೂತು, ಸೋಪಿನ ನೀರನ್ನೂ ಕಲ್ಲಿನ ಏಟನ್ನೂ ತಾಳಿಕೊಂಡು, ಒಣಗಿ ಮುದ್ದೆಯಾಗಿ ಕೆಳಗೆ ಬಿತ್ತು. ಬಿಡಿಸಿ ನೋಡಿದೆ. ಯಾವುದೋ ಪತ್ರಿಕೆಯ ಮೂಲೆ. ಒಂದು ಅಕ್ಷರದ ತಲೆಕಟ್ಟು ಮಾತ್ರ ಉಳಿದಿತ್ತು, ಅಕ್ಷರ ಎಲ್ಲೋ ಹಾರಿಹೋಗಿತ್ತು.

ಅದಾದ ಮೇಲೆ ಅವು ಕಂಡಕಂಡಲ್ಲಿ ಸಿಗತೊಡಗಿದವು. ಕನ್ನಡಕದ ಡಬ್ಬಿಯಲ್ಲಿ ಒಂದು, ಕೈಚೀಲದ ತಳದಲ್ಲಿ ಏಲಕ್ಕಿ ಸಿಪ್ಪೆಯ ಜೊತೆ ಎರಡು, ಚಪ್ಪಲಿಯ ಪಟ್ಟಿಗೆ ಅಂಟಿಕೊಂಡು ಮತ್ತೊಂದು. ಐವತ್ತರ ಅಂಚಿನ ಹೆಂಗಸೊಬ್ಬಳು ಸಿನಿಮಾ ಥಿಯೇಟರಿನ ಕಾಗದದ ಚೂರುಗಳನ್ನು ಮೈತುಂಬ ಹೊತ್ತು ಮನೆಗೆ ಬಂದಳೆಂದರೆ ನಿಮಗೆ ನಗು ಬರುವುದು ಸಹಜ. ನಗಿ, ಅಡ್ಡಿಯಿಲ್ಲ. ನಮ್ಮ ಮನೆಯವರೂ ನಕ್ಕರು. ನಗುವಾಗ ಅವರ ತಲೆಯ ಮೇಲೆಯೇ ಒಂದು ಚೂರು ಇತ್ತೆಂಬುದನ್ನು ನಾನು ಹೇಳಲಿಲ್ಲ, ದಿಂಬಿನಿಂದ ಹತ್ತಿಕೊಂಡಿತ್ತೇನೋ.

ನಮ್ಮ ಊರಿನವರ ಮೆಚ್ಚುಗೆ ಯಾವತ್ತೂ ಕೈಗೆ ಸಿಗುವಂಥದ್ದು. ಮನಸ್ಸಿನಲ್ಲೇ ಮೆಚ್ಚಿ, ತುಟಿಯಂಚಿನಲ್ಲಿ ನಕ್ಕು ಸುಮ್ಮನಾಗುವುದು ನಮಗೆ ಒಗ್ಗದು. ಗಡಿಯ ಆಚೆಯ ಭಾಷೆಯೋ ಈಚೆಯದೋ, ಪರದೆಯ ಮೇಲೆ ನಮ್ಮವನು ಕಾಣಿಸಿಕೊಳ್ಳುವ ಆ ಗಳಿಗೆಗೆ ಮೊದಲೇ ಹಳೆಯ ಪತ್ರಿಕೆಗಳು ಬೆರಳ ತುದಿಯಲ್ಲಿ ಚೂರಾಗಿ ಚೀಲ ಸೇರಿರಬೇಕು. ಬೂಟು ಕಾಣಿಸಿತು, ಬೆನ್ನು ಕಾಣಿಸಿತು, ಸಂಗೀತ ಏರಿತು ಎಂದರೆ ಸಾಕು, ಚೀಲದ ಬಾಯಿ ಬಿಚ್ಚುತ್ತದೆ, ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಸಾವಿರ ಚಿಟ್ಟೆಗಳು ಏಳುತ್ತವೆ. ತನ್ನ ಕೈಯ ಚೂರು ಯಾವುದೆಂದು ಎಸೆದವನಿಗೂ ಗೊತ್ತಾಗುವುದಿಲ್ಲ. ಹೆಸರು ಬರೆಯದೆ ಕೊಡುವ ಕಾಣಿಕೆ ಅದು. ಇಷ್ಟಾದರೂ ಆ ಮಳೆ ನಾಯಕನ ಮೇಲೆ ಬೀಳಬೇಕು, ಅವನು ಬರುವ ಹೊತ್ತಿಗೇ ಬೀಳಬೇಕು ಎಂಬ ಶಿಸ್ತು ಮಾತ್ರ ಯಾರೂ ಕಲಿಸದೆ ಎಲ್ಲರಿಗೂ ಬಂದಿದೆ.

ಆ ಶಿಸ್ತು ಒಂದು ಭಾನುವಾರ ಬೆಳಗಿನ ಆಟದಲ್ಲಿ ತಪ್ಪಿತು. ಅದನ್ನು ಹೇಳುವ ಮೊದಲು ನಿಮಗೆ ನಮ್ಮ ರೇಣುಕಾಳ ಪರಿಚಯ ಆಗಬೇಕು.

ರೇಣುಕಾ ನನ್ನ ತಂಗಿಯ ಮಗಳು. ಊರು ಸಿರುಗುಪ್ಪದ ಹತ್ತಿರ ದೇಶನೂರು. ಕಾಲುವೆ ನೀರು, ಭತ್ತದ ಗದ್ದೆ. ಬಳ್ಳಾರಿಯಲ್ಲಿ ಡಿಗ್ರಿ ಓದಲು ನಮ್ಮ ಮನೆಯಲ್ಲಿ ಇದ್ದಾಳೆ. ಎತ್ತರದ ಹುಡುಗಿ, ಅಗಲವಾದ ಹೆಗಲು. ಸಣ್ಣವಳಿದ್ದಾಗ ಸಸಿಯ ಕಟ್ಟುಗಳನ್ನು ಗದ್ದೆಯ ಬದುವಿನ ಮೇಲೆ ಹೊತ್ತು ನಡೆದ ಹೆಗಲು ಅದು. ಗ್ಯಾಸ್ ಸಿಲಿಂಡರ್ ತರುವವನು ಗೇಟಿನಲ್ಲೇ ಇಳಿಸಿ ಹೋದರೆ ಒಂದೇ ಕೈಯಲ್ಲಿ ಎತ್ತಿ ಅಡುಗೆಮನೆಗೆ ತಂದು ಧಪ್ಪನೆ ಇಡುತ್ತಿದ್ದಳು, ತಟ್ಟೆಗಳು ಗಲಗಲ ಎನ್ನುತ್ತಿದ್ದವು. ನೆಂಟರ ಮನೆಯ ಮದುವೆಗಳಲ್ಲಿ ಯಾರಾದರೊಬ್ಬರು ಅವಳ ಹೆಗಲನ್ನು ನೋಡಿ "ಹುಡುಗನ ಮೈಕಟ್ಟು" ಎಂದು ಒಂದು ಮಾತು ಎಸೆಯದೆ ಹೋಗುತ್ತಿರಲಿಲ್ಲ. ಆ ಮಾತು ಬಿದ್ದ ದಿನ ಅವಳು ದುಪಟ್ಟಾವನ್ನು ಎರಡೂ ಕಡೆ ಹರಡಿಕೊಂಡು ಕೂರುತ್ತಿದ್ದಳು.

ಕಾಲೇಜಿನಲ್ಲಿ ಹುಡುಗಿಯರ ಪಿರಮಿಡ್ ತಂಡವೊಂದಿದೆ. ಆಗಸ್ಟ್ ಹದಿನೈದಕ್ಕೆ ನಾವೆಲ್ಲ ಶಾಲೆಯ ಮೈದಾನದಲ್ಲಿ ಕಂಡದ್ದೇ, ಆದರೆ ಇದು ಸ್ಪರ್ಧೆಗೆ ಹೋಗುವಂಥದ್ದು. ತಳದ ಸಾಲಿನವರು ತೋಳಿಗೆ ತೋಳು ಹೆಣೆದು ನಿಲ್ಲುತ್ತಾರೆ, ಅವರ ಹೆಗಲ ಮೇಲೆ ಎರಡನೆಯ ಸಾಲು, ಎಲ್ಲಕ್ಕೂ ಮೇಲೆ ಒಬ್ಬಳು. ರೇಣು ತಳದ ಸಾಲಿನ ನಡುವೆ. ಎಲ್ಲಕ್ಕೂ ಮೇಲಿನ ತುದಿಯಲ್ಲಿ ಅವಳ ಗೆಳತಿ ಶಾಹೀನ್, ಕೌಲ್ ಬಜಾರಿನ ಜೀನ್ಸ್ ಹೊಲಿಯುವವರ ಮಗಳು; ಕಡ್ಡಿಯಂತಿದ್ದರೂ ಬಾಯಿ ಮಾತ್ರ ಹೊಲಿಗೆ ಯಂತ್ರದ ಹಾಗೆ.

ಕಳೆದ ಚಳಿಗಾಲದ ಒಂದು ಬೆಳಗಿನ ಅಭ್ಯಾಸದಲ್ಲಿ ರೇಣುವಿನ ಹೆಗಲು ಬೆವರಿಗೆ ಜಾರಿತು. ಮೇಲಿನವಳ ಕಾಲು ತಪ್ಪಿತು, ಇಡೀ ಗೋಪುರ ಉದುರಿತು, ಶಾಹೀನಳ ಮಣಿಕಟ್ಟು ಮುರಿಯಿತು. ಯಾರೂ ರೇಣುವನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ. ಅವಳು ಮೈದಾನಕ್ಕೆ ಹೋಗುವುದನ್ನು ಬಿಟ್ಟಳು. ಸುದ್ದಿ ದೇಶನೂರಿಗೆ ಮುಟ್ಟಿದಾಗ ಅವಳ ಅಪ್ಪ ತಿಮ್ಮಪ್ಪನೂ ಫೋನಿನಲ್ಲಿ "ಸಾಕು ಬಿಡು ಆ ಆಟ" ಎಂದುಬಿಟ್ಟಿದ್ದ. ಬೇಸಿಗೆಗೆ ಶಾಹೀನಳ ಕೈ ಪೂರ್ತಿ ಕೂಡಿಕೊಂಡಿತು, ಡಾಕ್ಟರು ಏರಬಹುದು ಎಂದರು, ಸ್ಪರ್ಧೆಯ ದಿನವೂ ಹತ್ತಿರವಾಯಿತು. ಶಾಹೀನ್ ಹಟ ಹಿಡಿದಳು: ಕೆಳಗೆ ರೇಣು ನಿಂತರೆ ಮಾತ್ರ ನಾನು ಏರುತ್ತೇನೆ, ಇಲ್ಲವಾದರೆ ಇಲ್ಲ. ರೇಣು ನಿಲ್ಲುವುದಿಲ್ಲ ಎಂದಳು. ತಿಂಗಳ ಕೊನೆಯೊಳಗೆ ಇಬ್ಬರಲ್ಲಿ ಒಬ್ಬರು ಮಣಿಯದಿದ್ದರೆ ಆ ವರ್ಷ ತಂಡವೇ ಇಲ್ಲ.

ನನಗೆ ಮಾತ್ರ ಗೊತ್ತಿದ್ದ ಒಂದು ಸಂಗತಿಯಿತ್ತು. ಬಿದ್ದ ದಿನದಿಂದ ರೇಣು ಯಾವುದನ್ನೂ ಸದ್ದು ಮಾಡಿ ಇಡುತ್ತಿರಲಿಲ್ಲ. ನೀರು ಕುಡಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಕಟ್ಟೆಯ ಮೇಲೆ ಇಳಿಸುತ್ತಿದ್ದಳು. ಸಿಲಿಂಡರಿನ ಹತ್ತಿರ ಹೋಗುತ್ತಲೇ ಇರಲಿಲ್ಲ. ಸದ್ದಿಲ್ಲದ ಅಡುಗೆಮನೆ ಅಷ್ಟು ಭಾರವಾಗಿರುತ್ತದೆ ಎಂದು ಆ ತಿಂಗಳುಗಳಲ್ಲಿ ನನಗೆ ತಿಳಿಯಿತು.

ಆಗ ಬಂತು ಆ ಸಿನಿಮಾ. ಯಾವುದೋ ದೂರದ ದೇಶದ್ದು, ತೆಲುಗಿನಲ್ಲಿ ಮಾತು ಕೂಡಿಸಿ ತಂದಿದ್ದರು. ಚಿಯರ್‌ಲೀಡಿಂಗ್ ಸ್ಪರ್ಧೆಯ ಕತೆಯಂತೆ.

"ಚಿಯರ್ ಅಂದ್ರ ಕ್ರಿಕೆಟ್‌ನಾಗ ಸಿಕ್ಸರ್ ಹೊಡದಾಗ ಗೆರಿ ಹೊರಗ ಕುಣೀತಾರಲ್ಲ, ಅವರಾ?" ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ.

"ಅಲ್ರೀ ಅಂಕಲ್," ಎಂದಳು ಬಾಗಿಲಲ್ಲಿ ನಿಂತ ಶಾಹೀನ್. "ಅವರು ಪಿರಮಿಡ್ ಕಟ್ತಾರ, ಹುಡುಗೀನ ಮ್ಯಾಲೆ ಒಗದು ಹಿಡೀತಾರ. ನಮ್ದೇ ಆಟ ಅದು, ಹಾಕ್ಕೊಳ್ಳೋ ಅರಿವಿ ಬ್ಯಾರೆ ಅಷ್ಟೇ. ದೊಡ್ಡಮ್ಮ, ನೀವು ಬರ್ರಿ. ನೀವು ಬಂದ್ರ ಈಕಿ ಬರ್ತಾಳ."

"ನಾ ಬರಂಗಿಲ್ಲ," ಒಳಗಿನಿಂದ ರೇಣು.

"ನಿನ್ನ ಯಾರ್ ಕರದ್ರಲೇ? ನಾ ದೊಡ್ಡಮ್ಮನ್ನ ಕರಿಯಾಕ ಹತ್ತೀನಿ. ನೀ ಮನ್ಯಾಗ ಕುಂತು ಲೋಟ ಎಣಸು."

ಲೋಟದ ವಿಷಯ ಅವಳಿಗೂ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು. ಹೀಗೆ ನಾನು ರೇಣುವಿನ ಸಲುವಾಗಿ, ರೇಣು ನನ್ನ ಸಲುವಾಗಿ, ಇಬ್ಬರೂ ಒಬ್ಬರ ಮೇಲೊಬ್ಬರು ಉಪಕಾರ ಹೊರಿಸಿಕೊಂಡು ಶಾಹೀನಳ ಜೊತೆ ಥಿಯೇಟರಿಗೆ ಹೋದೆವು.

ಒಳಗೆ ಕಾಲಿಟ್ಟರೆ ಹುಡುಗಿಯರೋ ಹುಡುಗಿಯರು. ನಮ್ಮ ಮುಂದಿನ ಸಾಲು ಪೂರ್ತಿ ಕುರುಗೋಡಿನ ಕಾಲೇಜಿನ ಪಿರಮಿಡ್ ತಂಡ. ಮೊದಲ ಬಸ್ಸಿಗೇ ಬಂದಿದ್ದರು. ಎಲ್ಲರ ಮೈಮೇಲೂ ಒಂದೇ ನೀಲಿ ಟ್ರ್ಯಾಕ್ ಪ್ಯಾಂಟು, ಅವರ ಟೀಚರಮ್ಮನ ಕೊರಳಲ್ಲಿ ನಿಜವಾದ ವಿಸಿಲ್ಲು. ನಡುವೆ ಕೂತ ಎರಡು ಜಡೆಯ ಹುಡುಗಿಯ ಮಡಿಲಲ್ಲಿ ಒಂದು ಅಕ್ಕಿ ಚೀಲ, ಅದರ ತುಂಬ ಕಾಗದದ ಚೂರು. ಗುರುತಿಲ್ಲದ ಮುಖಗಳ, ಹೆಸರು ಹೇಳಲು ನಾಲಿಗೆ ಹೊರಳದ ನಟಿಯರ ಚಿತ್ರಕ್ಕೆ ಚೂರು ಹರಿದುಕೊಂಡು ಬರುವ ಜನ ಈ ಭೂಮಿಯ ಮೇಲೆ ನಮ್ಮ ಕಡೆಯವರಲ್ಲದೆ ಬೇರೆ ಯಾರಿದ್ದಾರು, ನೀವೇ ಹೇಳಿ. ಆದರೆ ತೊಡಕೂ ಅಲ್ಲಿಯೇ ಇತ್ತು.

"ಹೀರೋಯಿನ್ ಯಾರ್ ಇದ್ರಾಗ?" ಒಬ್ಬಳು ಕೇಳಿದಳು.

"ಯಾರಿಗ್ ಗೊತ್ತಲೇ," ಎಂದಳು ಜಡೆಯವಳು. "ಮ್ಯೂಸಿಕ್ ಬರ್ತೈತಿ, ಕಾಲು ತೋರಸ್ತಾರ. ಆಗ ಒಗಿಯೋದು."

ಅದು ಸರಿಯಾದ ಲೆಕ್ಕಾಚಾರವೇ. ದೀಪ ಆರಿತು. ಪರದೆಯ ಮೇಲೆ ಒಂದು ಬಸ್ಸು ಬಂದು ನಿಂತಿತು. ಡೋಲು ಬಡಿಯಿತು. ಬಸ್ಸಿನ ಮೆಟ್ಟಿಲಿನಿಂದ ಒಂದು ಬೂಟುಗಾಲು ಇಳಿಯಿತು, ಆಮೇಲೆ ಹೆಗಲ ಮೇಲೊಂದು ದೊಡ್ಡ ಚೀಲ, ಅದರ ಕೆಳಗೆ ಒಂದು ಅಗಲವಾದ ಬೆನ್ನು. ನಮ್ಮ ಸಿನಿಮಾಗಳಲ್ಲಿ ಇನ್ನೇನು ಬೇಕು? ಕುರುಗೋಡಿನ ಸಾಲು ಎದ್ದು ನಿಂತಿತು. ವಿಸಿಲ್ಲು ಕೂಗಿತು. ಚೀಲ ಪೂರ್ತಿ ಬರಿದಾಯಿತು. ಬೆಳಕಿನ ಕೋಲಿನ ತುಂಬ ಬಿಳಿ ಚೂರುಗಳು ಎದ್ದು, ತಿರುಗಿ, ತೇಲಿ, ನಮ್ಮ ತಲೆ, ಹೆಗಲು, ಮಡಿಲ ಮೇಲೆಲ್ಲ ಇಳಿದವು. ಪರದೆಯ ಹುಡುಗಿ ತಿರುಗಿದಳು: ದುಂಡು ಮುಖ, ಗಟ್ಟಿ ಕತ್ತು, ಬೆವರಿದ ಹಣೆ. ತಡವಾಯಿತಾ ಎಂದು ತೆಲುಗಿನಲ್ಲಿ ಕೇಳಿ, ಯಾರ ಉತ್ತರಕ್ಕೂ ಕಾಯದೆ, ಹುಡುಗಿಯರ ಗುಂಪಿನ ಹಿಂದೆ ಹೋಗಿ ನಿಂತುಬಿಟ್ಟಳು. ಆಮೇಲೆ ಬಂದಳು ನಿಜವಾದ ನಾಯಕಿ, ಕೂದಲು ಹಾರಿಸುತ್ತ, ಬಿಸಿಲನ್ನೇ ಬೆನ್ನಿಗೆ ಕಟ್ಟಿಕೊಂಡವಳ ಹಾಗೆ.

ವಿಸಿಲ್ಲು ಅರ್ಧಕ್ಕೇ ನಿಂತಿತು.

"ಅಯ್ಯ, ಇಕಿಯಂತ ಹೀರೋಯಿನ್ನು!"

"ಮತ್ತ ಅಕಿ ಯಾರು?"

"ಅಕಿ ತಳದಾಗ ನಿಂದ್ರಾಕಿ. ಚೀಲ ಖಾಲಿ ಆತಲ್ಲಲೇ, ನಿನ್ನ ಹೆಣ ಎತ್ತಲಿ."

ಇಬ್ಬರು ಮೂವರು ಮೊಣಕಾಲೂರಿ ಕೆಳಗಿನ ಚೂರುಗಳನ್ನು ಬಳಿದುಕೊಳ್ಳತೊಡಗಿದರು. ಆಗ ಅವರ ಟೀಚರಮ್ಮ ವಿಸಿಲ್ಲನ್ನು ಬಾಯಿಂದ ತೆಗೆದು, ಬಾಗಿದವರ ಬೆನ್ನು ತಟ್ಟಿ ಹೇಳಿದರು, "ಏಳ್ರವಾ. ಒಮ್ಮೆ ಒಗದಿದ್ದು ತಿರುಗಿ ತಗೊಳ್ಳಂಗಿಲ್ಲ. ಅಕಿಗೆ ಹಾಕೀವಿ, ಅಕೀದೇ."

ಆ ಮಾತು ಹೇಗೋ ತೀರ್ಪಾಯಿತು. ತಪ್ಪನ್ನು ತಿದ್ದಿಕೊಳ್ಳುವುದಕ್ಕಿಂತ ಅದನ್ನು ಕೊನೆಯವರೆಗೂ ನಡೆಸುವುದೇ ಮರ್ಯಾದೆ ಎಂದು ನಿಶ್ಚಯಿಸಿದವರ ಹಾಗೆ ಆ ಹುಡುಗಿಯರು ದುಂಡು ಮುಖದವಳು ಕಾಣಿಸಿದಾಗಲೆಲ್ಲ ಶಿಳ್ಳೆ ಹೊಡೆದರು. ಅವಳು ನೀರು ಕುಡಿದರೂ ಶಿಳ್ಳೆ, ಶೂ ಲೇಸು ಕಟ್ಟಿಕೊಂಡರೂ ಶಿಳ್ಳೆ. ಸ್ವಲ್ಪ ಹೊತ್ತಿಗೆ ಬಾಲ್ಕನಿಯವರೂ ಸೇರಿಕೊಂಡರು. ನಾಯಕಿ ಚಂದಾಗಿ ಅತ್ತಳು, ಚಂದಾಗಿ ನಕ್ಕಳು, ಜನ ನೋಡಿದರು. ಆದರೆ ಚಿತ್ರದ ಒಡೆತನ ಅಷ್ಟರಲ್ಲಿ ಕೈ ಬದಲಾಯಿಸಿತ್ತು. ಅದನ್ನು ಮಾಡಿದ ಮಹಾನುಭಾವರಿಗೆ ಬಳ್ಳಾರಿಯ ಒಂದು ಬೆಳಗಿನ ಆಟದಲ್ಲಿ ಏನಾಯಿತೆಂದು ಎಂದಾದರೂ ತಿಳಿಯುವುದುಂಟೇ?

ರೇಣು ಮೊದಮೊದಲು ತಲೆ ತಗ್ಗಿಸಿ ಕೂತಿದ್ದಳು, ತನ್ನನ್ನೇ ಯಾರೋ ಆಡಿಕೊಳ್ಳುತ್ತಿದ್ದಾರೆ ಎನ್ನುವ ಹಾಗೆ. ಬೆಳಕು ಬಿದ್ದಾಗ ಕಂಡೆ, ಅವಳ ಹೆಗಲ ಮೇಲೆ ಚೂರುಗಳು ಹಾಗೆಯೇ ಕೂತಿದ್ದವು. ಅವಳು ಅವನ್ನು ಕೊಡವಿರಲಿಲ್ಲ.

ಆಮೇಲೆ ಆ ಬೀಳುವ ಸನ್ನಿವೇಶ. ನಾಯಕಿಯನ್ನು ಮೇಲಕ್ಕೆ ಎಸೆಯುತ್ತಾರೆ. ಅವಳು ಗಾಳಿಯಲ್ಲಿ ಸುತ್ತುತ್ತಾಳೆ, ಸಂಗೀತ ನಿಲ್ಲುತ್ತದೆ, ಇಳಿಯುವಾಗ ಮೈ ವಾರೆಯಾಗುತ್ತದೆ. ಆಗ ಏನಾಯಿತೆಂದರೆ, ಇಡೀ ಥಿಯೇಟರಿನ ಕೈಗಳು ಮೇಲೆದ್ದವು. ಯಾರೂ ಹೇಳಿಕೊಟ್ಟದ್ದಲ್ಲ, ಯೋಚಿಸಿ ಮಾಡಿದ್ದೂ ಅಲ್ಲ. ಕತ್ತಲಲ್ಲಿ ನೂರಾರು ಅಂಗೈಗಳು, ಪರದೆಯಿಂದ ಒಂದು ಹುಡುಗಿ ಈಗ ನಮ್ಮ ಮಡಿಲಿಗೇ ಬೀಳುತ್ತಾಳೆ ಎಂಬಂತೆ. ನನ್ನ ಕೈಗಳೂ ಎದ್ದಿದ್ದವು; ಮಡಿಲಿನ ಕೈಚೀಲ ಜಾರಿ ಕೆಳಗೆ ಬಿದ್ದಾಗಲೇ ನನಗೆ ಅದು ಗೊತ್ತಾದದ್ದು. ತೊಟ್ಟಿಲ ಕೂಸು, ಮೆಟ್ಟಿಲ ಮೇಲಿನ ಮಗು, ಒಲೆಯ ಅಂಚಿನ ಹಾಲಿನ ಪಾತ್ರೆ ಎಂದು ಬದುಕಿನುದ್ದಕ್ಕೂ ಹೀಗೆ ಎದ್ದೇ ಇದ್ದ ಕೈಗಳಲ್ಲವೇ ಇವು ಎಂದು ನಾನು ಯೋಚಿಸಿದ್ದು ಆಮೇಲೆ, ಬಹಳ ಆಮೇಲೆ.

ಪಕ್ಕದಿಂದ ಶಾಹೀನಳ ದನಿ ಕೇಳಿಸಿತು, ಅವಳ ಎಂದಿನ ದನಿಯಲ್ಲ, ತಗ್ಗಿಸಿದ್ದು.

"ನೋಡ್ಲೇ, ನಿನ್ನ ಕೈ ಎಲ್ಲಾರಕಿಂತ ಮದ್ಲ ಎದ್ದುವು."

ರೇಣು ತನ್ನ ಕೈಗಳನ್ನು ನೋಡಿಕೊಂಡಳು. ಅವು ಇನ್ನೂ ಮೇಲೆಯೇ ಇದ್ದವು.

"ಅವತ್ತೂ ಹಿಂಗ ಎದ್ದಿದ್ದುವು. ನೀ ಜಾರಿ ಮಣ್ಣಾಗ ಬಿದ್ದಿದ್ದಿ, ಬಿದ್ದಲ್ಲಿಂದನೇ ಕೈ ಚಾಚಿದ್ದಿ. ನನ್ನ ತಲಿ ನಿನ್ನ ಕೈಯಾಗ ಬಂತು, ಮಣಿಕಟ್ಟು ಒಂದು ನೆಲಕ್ಕ ಬಡೀತು. ಎಲ್ಲಾರೂ ಮುರದ ಕೈ ನೋಡಿದ್ರು. ಉಳದ ತಲಿ ಯಾರೂ ನೋಡ್ಲಿಲ್ಲ. ನೀನೂ ನೋಡ್ಲಿಲ್ಲ."

ರೇಣು ಕೈಗಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು. ಚಿತ್ರ ಮುಗಿಯುವವರೆಗೆ ಆಗಾಗ ಮೂಗು ಒರೆಸುವ ಸದ್ದು ಬರುತ್ತಿತ್ತು. ನಾನು ಆ ಕಡೆ ನೋಡಲಿಲ್ಲ.

ಆಟ ಬಿಟ್ಟ ಮೇಲೆ ಎದುರಿನ ಅಂಗಡಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತ ನಿಂತಿದ್ದೆವು. ಮಂಡಕ್ಕಿಯ ಒಗ್ಗರಣೆಯ ಜೊತೆ ಬಿಸಿ ಮಿರ್ಚಿ ಇಲ್ಲದೆ ಬಳ್ಳಾರಿಯಲ್ಲಿ ಯಾವ ಸಿನಿಮಾವೂ ಪೂರ್ತಿಯಾಗಿ ಮುಗಿದಂತಲ್ಲ. ಕುರುಗೋಡಿನ ಜಡೆಯವಳು ತಟ್ಟೆ ಹಿಡಿದು ಬಂದು ರೇಣುವಿನ ಮುಂದೆ ನಿಂತಳು, ಹೆಗಲನ್ನು ಒಮ್ಮೆ ಅಳೆದು ನೋಡಿದಳು.

"ಅಕ್ಕಾ, ನೀವು ತಳದ ಸಾಲಿನವರಲ್ಲ?"

"ಆಗಿದ್ದೆ."

"ಆಗಿದ್ದೆ ಅಂದ್ರ? ಸ್ಪರ್ಧಿಗೆ ಬರಂಗಿಲ್ಲೇನು? ನೀವಿಲ್ಲದ ನಾವು ಗೆದ್ರ ಏನ್ ಮಜಾ ಐತ್ರಿ, ಬೀಗರಿಲ್ಲದ ಮದುವಿ ಆದಂಗ."

"ಗೆಲ್ತೀರಂತ ಯಾರ್ ಹೇಳಿದ್ರು?" ಎಂದಳು ರೇಣು.

ಶಾಹೀನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಮಿರ್ಚಿಯ ತೊಟ್ಟು ತೆಗೆಯುವುದರಲ್ಲಿ ಮಗ್ನಳಾದೆ.

ಅಷ್ಟಾದರೂ ಮರುದಿನ ರೇಣು ಮೈದಾನಕ್ಕೆ ಹೋಗಿ ಕಟ್ಟೆಯ ಮೇಲೆ ಕೂತು ನೋಡಿ ಬಂದಳು, ಅಷ್ಟೇ. ಅದರ ಮರುದಿನವೂ ಹಾಗೆಯೇ. ಲೋಟ ಇನ್ನೂ ಸದ್ದಿಲ್ಲದೆ ಇಳಿಯುತ್ತಿತ್ತು. ಒಂದು ಸಿನಿಮಾದಿಂದ ಮನುಷ್ಯರು ಬದಲಾಗಿಬಿಡುವುದು ಸಿನಿಮಾಗಳಲ್ಲಿ ಮಾತ್ರ ಎಂದು ನಾನು ನನಗೇ ಹೇಳಿಕೊಂಡೆ. ತಿಂಗಳು ಮುಗಿಯಲು ಬಂದಿತ್ತು.

ಮುಂದಿನ ಶುಕ್ರವಾರ ಚಿತ್ರ ಸಿರುಗುಪ್ಪಕ್ಕೆ ಹೋಯಿತು. ಸೋಮವಾರ ಸಂಜೆ ತಂಗಿಯ ಫೋನು ಬಂತು. ಕೈ ತುಂಬ ಹಿಟ್ಟಿತ್ತು, ಸ್ಪೀಕರ್ ಹಾಕಿದೆ. ರೇಣು ಅಲ್ಲೇ ನೀರು ಕುಡಿಯುತ್ತ ನಿಂತಿದ್ದಳು.

"ಅಕ್ಕಾ, ಇವರು ಗೊಬ್ಬರ ತರಾಕ ಸಿರುಗುಪ್ಪಕ್ಕ ಹೋದೋರು ಸಂಜಿಕ ಬಂದಾರ. ಗೊಬ್ಬರಾ ಎಲ್ಲೂ ಇಲ್ಲ. ಟವೆಲ್ ಝಾಡಿಸಿದ್ರ ಬರೇ ಪೇಪರ್ ಚೂರು. ಸಿನಿಮಾಕ್ಕ ಹೋಗ್ಯಾರ ನೋಡು, ಈ ವಯಸ್ಸಿನಾಗ, ಒಬ್ಬರೇ."

ಹಿಂದಿನಿಂದ ತಿಮ್ಮಪ್ಪನ ದನಿ, ಸಮಜಾಯಿಷಿ ಕೊಡುವ ದನಿ: "ಹಚ್ಚೊಳ್ಳಿ ಊರಿನ ಹುಡುಗ್ಯಾರು ಟ್ರ್ಯಾಕ್ಟರ್ ತುಂಬ ಬಂದಿದ್ರು. ಹೀರೋಯಿನ್ ಬಂದ್ರ ಒಬ್ಬರೂ ಅಲುಗಾಡ್ಲಿಲ್ಲ. ಕುರುಗೋಡಿನೋರು ಹೇಳ್ಯಾರಂತ, ಚೂರು ತಳದಾಕಿಗೆ ಹಾಕಬೇಕಂತ. ಅಕಿ ಬಸ್ಸಿನಿಂದ ಇಳಿಯೋದೇ ತಡ, ನನ್ನ ಕೈಯಾಗೂ ಒಂದು ಹಿಡಿ ಕೊಟ್ರು. ಏನ್ ಮಾಡ್ಲಿ, ಒಗದೆ." ಆಮೇಲೆ, "ನಮ್ಮ ರೇಣು ನಿಂತಂಗ ನಿಂದರ್ತಾಳ ಆ ಹುಡುಗಿ. ಫೋನ್ ಅಕಿಗೆ ಕೊಡ್ರಿ."

"ಇಲ್ಲೇ ಅದೀನಪ್ಪ," ಎಂದಳು ರೇಣು.

"ಹೆಗಲು ಹೆಂಗೈತವ್ವ?"

ಬಿದ್ದ ದಿನದಿಂದ ಶಾಹೀನಳ ಕೈಯನ್ನು ಎಲ್ಲರೂ ವಿಚಾರಿಸಿದ್ದೆವು. ರೇಣುವಿನ ಹೆಗಲನ್ನು ಯಾರೂ ಕೇಳಿರಲಿಲ್ಲ. ಒಂದೇ ಸೂರಿನಡಿ ಇದ್ದ ನಾನೂ.

"ಚಲೋ ಐತಪ್ಪ."

"ಚಲೋ ಇದ್ರ ಮನ್ಯಾಗ ಯಾಕ ಕುಂತಿ?"

ರೇಣು ಲೋಟವನ್ನು ಕಟ್ಟೆಯ ಮೇಲೆ ಇಟ್ಟಳು. ಇಟ್ಟ ಸದ್ದಿಗೆ ಪಕ್ಕದ ತಟ್ಟೆ ನಡುಗಿತು. ಪಡಸಾಲೆಯಿಂದ ನಮ್ಮ ಮನೆಯವರು "ಏನ್ ಬಿತ್ತು?" ಎಂದು ಕೂಗಿದರು. ಏನೂ ಬಿದ್ದಿಲ್ಲ ಎಂದೆ. ಮರುದಿನ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕಲು ಎದ್ದಾಗ ಅವಳ ಶೂ ಜಾಗದಲ್ಲಿರಲಿಲ್ಲ.

ಈಗ ಮೆಚ್ಚುಗೆಯ ಮಾತಿಗೆ ಮರಳುತ್ತೇನೆ. ನಾವು ಮೆಚ್ಚುವುದು ಸಾಮಾನ್ಯವಾಗಿ ಕತ್ತೆತ್ತಿ. ಗೋಪುರದ ಕಲಶ, ಧ್ವಜದ ತುದಿ, ತೆಂಗಿನ ಹೆಡೆ, ಎಲ್ಲವೂ ನಮ್ಮ ಕತ್ತನ್ನು ಮೇಲಕ್ಕೇ ಎಳೆಯುತ್ತವೆ. ಕೆಳಗಿರುವುದನ್ನು ಮೆಚ್ಚಲು ಬಾಗಬೇಕು, ಬಾಗಲು ಪುರುಸೊತ್ತು ಬೇಕು. ಆ ಕುರುಗೋಡಿನ ಹುಡುಗಿಯರು ಬಾಗಿದವರಲ್ಲ, ಎಡವಿದವರು. ಆದರೆ ಎಡವಿ ಬಿದ್ದ ಕಡೆಯೇ ಗಟ್ಟಿಯಾಗಿ ಕೂತು, ಇದೇ ನಮ್ಮ ಜಾಗ ಎಂದರಲ್ಲ, ಆ ಧೈರ್ಯದ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ. ಎಲ್ಲಿ ಕೈ ತಟ್ಟಬೇಕೆಂದು ತಿಳಿದವರು ಲೋಕದಲ್ಲಿ ಬೇಕಷ್ಟು ಜನ ಇದ್ದಾರೆ. ತಪ್ಪಿ ತಟ್ಟಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದವರು ಅಪರೂಪ.

ಇನ್ನೊಂದು ಸಂಗತಿ ಮೊನ್ನೆ ಅಭ್ಯಾಸ ನೋಡಲು ಹೋದಾಗ ಹೊಳೆಯಿತು. ಪಿರಮಿಡ್ ಕಟ್ಟುವಾಗ ಮೈದಾನಕ್ಕೆ ಮೊದಲು ಬರುವವರು ತಳದ ಸಾಲಿನವರು. ಅವರು ಬಂದು, ಕಾಲೂರಿ, ತೋಳು ಹೆಣೆದುಕೊಂಡ ಮೇಲಷ್ಟೇ ಮಿಕ್ಕವರಿಗೆ ಅಲ್ಲಿ ಕೆಲಸ. ಚೂರು ನಾಯಕರ ಮೇಲೆಯೇ, ಅವರು ಬರುವ ಹೊತ್ತಿಗೇ ಬೀಳಬೇಕು ಎನ್ನುವ ನಮ್ಮ ಹಳೆಯ ಶಿಸ್ತು ಆ ಭಾನುವಾರ ನಿಜಕ್ಕೂ ತಪ್ಪಿತ್ತೇ? ನನಗೆ ಈಗ ಅನುಮಾನ.

ನಾಳೆ ಸ್ಪರ್ಧೆ. ಸೀರೆಯಿಂದ ಉದುರಿದ ಆ ತಲೆಕಟ್ಟಿನ ಚೂರನ್ನು ನಾನು ಗುಡಿಸಿ ಹಾಕಿರಲಿಲ್ಲ, ಕಿಟಕಿಯ ಮೇಲಿಟ್ಟಿದ್ದೆ. ಇವತ್ತು ಮಧ್ಯಾಹ್ನ ಅದನ್ನು ಮೊರದಲ್ಲಿ ಹಾಕಿ, ಅದರ ಸುತ್ತ ಹಳೆಯ ಪೇಪರುಗಳನ್ನು ಹರಿಯುತ್ತ ಕೂತೆ. ನಮ್ಮ ಮನೆಯವರು ಬಂದು ಸ್ವಲ್ಪ ಹೊತ್ತು ನಿಂತು ನೋಡಿದರು.

"ಇಷ್ಟು ದೊಡ್ಡದು ಹರದ್ರ ಹಾರಂಗಿಲ್ಲ, ಧೊಪ್ಪಂತ ಬೀಳ್ತಾವ," ಎಂದರು. ಆಮೇಲೆ ಲುಂಗಿ ಎತ್ತಿ ಕಟ್ಟಿ ಪಕ್ಕದಲ್ಲೇ ಕೂತರು. "ನಿನಗ ಗೊತ್ತಾಗಂಗಿಲ್ಲ, ಸರಿ ಅತ್ಲಾಗ. ನಾ ಕಾಲೇಜಿನಾಗ ಇದ್ದಾಗ ಇದ್ರಾಗ ನಂದೇ ಹೆಸರಿತ್ತು."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳ ಸಂಸಾರದಲ್ಲಿ ಅವರು ಹೇಳಿರಲಿಲ್ಲ. ಅವರ ಬೆರಳುಗಳು ಪೇಪರನ್ನು ಉದ್ದಕ್ಕೆ ಪಟ್ಟಿ ಮಾಡಿ, ಅಡ್ಡಕ್ಕೆ ಚಿವುಟಿ, ಉಗುರಿನಷ್ಟು ಚೂರುಗಳನ್ನು ಮೊರಕ್ಕೆ ಸುರಿಯುತ್ತಿದ್ದವು. ಅಷ್ಟರಲ್ಲಿ ಗೇಟಿನ ಸದ್ದಾಯಿತು, ಬಾಗಿಲಲ್ಲಿ ರೇಣುವಿನ ಚೀಲ ಧಪ್ಪನೆ ನೆಲಕ್ಕೆ ಬಿತ್ತು. ಗೋಡೆಯ ಕ್ಯಾಲೆಂಡರ್ ಅಲುಗಾಡಿತು, ಮೊರದ ಮೇಲಿನ ಒಂದಿಷ್ಟು ಚೂರುಗಳು ಆ ಗಾಳಿಗೇ ಎದ್ದವು. ಅವಳು ಒಳಗೆ ಬರುವ ಮೊದಲೇ ನಾನು ಸೆರಗಿನಿಂದ ಮೊರವನ್ನು ಮುಚ್ಚಿ ಕೂತೆ.